ಹೆಸರಿನ ಮುಂದೊಂದು ಕಾಮಾ

ಅಂಗಲ್ಗಾಕ್ ತನ್ನ ಹೆಸರನ್ನು ತನ್ನ ಬಾಯಿಂದ ಒಮ್ಮೆಯೂ ಹೇಳಿದವಳಲ್ಲ. ಕಂಗಿರ್ನಾಕ್ ಊರಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ಹೆಸರು ಕೇಳಿದರೆ ಪಕ್ಕದವರ ಮುಖ ನೋಡುವುದು ಅಲ್ಲಿಯ ಮರ್ಯಾದೆ, ಪಕ್ಕದವರು ಹೇಳುತ್ತಾರೆ. ಒಂಟಿಯಾಗಿದ್ದಾಗ ಕೇಳಿದರೆ ಏನು ಗತಿ ಎಂದರೆ, ಬೇರಿಂಗ್ ಸಮುದ್ರದ ಆ ದಂಡೆಯಲ್ಲಿ ಒಂಟಿಯಾಗಿದ್ದವರ ಹೆಸರು ಕೇಳಲು ಬರುವವರಾದರೂ ಯಾರು? ಗಾಳಿ, ನಾಯಿ, ಕಡಲಿಂದ ತಲೆಯೆತ್ತುವ ಸೀಲು. ಮೂವರಿಗೂ ಹೆಸರಿನ ಉಸಾಬರಿಯಿಲ್ಲ.

ಹೆಸರು ಅವಳದ್ದೇ, ಆದರೆ ಹೊಸದಲ್ಲ. ಅವಳು ಹುಟ್ಟುವುದಕ್ಕೆ ಹದಿನೈದು ದಿನ ಮುಂಚೆ ಊರಿನ ದೊಡ್ಡ ಬೇಟೆಗಾರ ಅಂಗಲ್ಗಾಕ್ ತೀರಿಕೊಂಡಿದ್ದ. ಹೆಸರು ಖಾಲಿ ಇತ್ತು. ಅಂಥ ಒಳ್ಳೆಯ ಹೆಸರನ್ನು ಹೆಚ್ಚು ದಿನ ಹೊರಗೆ ಚಳಿಯಲ್ಲಿ ನಿಲ್ಲಿಸಬಾರದೆಂದು ಕೂಸಿನ ನೆತ್ತಿಗೆ ನಾಲ್ಕು ಹನಿ ನೀರು ಚಿಮುಕಿಸಿ ಒಳಗೆ ಕರೆದುಕೊಂಡರು. ಕೂಸು ಹೆಣ್ಣೆಂಬುದು ಯಾರ ತಲೆಯನ್ನೂ ತಿನ್ನಲಿಲ್ಲ. ಆ ದಂಡೆಯ ಯೂಪಿಕ್ ಜನರ ಹೆಸರಿಗೆ ಗಂಡು ಹೆಣ್ಣೆಂಬುದಿಲ್ಲ. ಅವರ ಮಾತಿನಲ್ಲಿ 'ಅವನು', 'ಅವಳು' ಎಂಬ ಬೇರೆ ಬೇರೆ ಪದಗಳೂ ಇಲ್ಲ. ಎಲ್ಲರಿಗೂ ಒಂದೇ, ನಾಯಿಗೂ ಅದೇ.

ಹೆಸರಿನ ಹಿಂದೆಯೇ ನೆಂಟಸ್ತನವೂ ಬಂತು. ತೀರಿಕೊಂಡವನ ಮಗ ಕಕಿಯಾನಾಕ್‌ಗೆ ಆಗ ನಲವತ್ತೆರಡು ವರ್ಷ. ಅವನಿಗೂ ಆ ಕೂಸಿಗೂ ರಕ್ತಸಂಬಂಧವೇನೂ ಇರಲಿಲ್ಲ. ಆದರೂ ಬಂದು, ತುಪ್ಪುಳದ ಚರ್ಮದಲ್ಲಿ ಸುತ್ತಿದ್ದ ಗಂಟನ್ನು ಎತ್ತಿಕೊಂಡು, "ಅಪ್ಪಾ, ಬಂದ್ಯಾ? ದಾರಿ ಚೆನ್ನಾಗಿತ್ತಾ?" ಎಂದು ಗಳಗಳ ಅತ್ತ. ಅಂದಿನಿಂದ ತಾನು ಹೊಡೆದ ಪ್ರತಿ ಸೀಲಿನ ಪಿತ್ತಜನಕಾಂಗವೂ ಅವಳ ಮನೆಗೆ ಬರುತ್ತಿತ್ತು. ಅಪ್ಪನಿಗೆ ಅದು ಇಷ್ಟವಲ್ಲವೇ? ತೀರಿಕೊಂಡವನ ಹೆಂಡತಿ ಮಂಚುವಾಕ್ ಮಾತ್ರ ಅಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತು, "ಏನೋ ಗಂಡ, ಹೋದ ಬೇಸಿಗೇಲಿ ನನ್ನ ದೋಣಿ ಮುಳುಗಿಸಿಬಿಟ್ಟು ಈಗ ಬೊಚ್ಚು ಬಾಯಲ್ಲಿ ನಗ್ತೀಯಾ?" ಎಂದಳು. ಆ ದೋಣಿಯ ಲೆಕ್ಕ ಮುಂದೆ ಇಪ್ಪತ್ತು ವರ್ಷವಾದರೂ ಮುಗಿಯಲಿಲ್ಲ. ಪಾಪದ ಹುಡುಗಿ ಹುಟ್ಟುವ ಮೊದಲೇ ಮಾಡಿದ ತಪ್ಪಿಗೆ ಬೈಸಿಕೊಳ್ಳುತ್ತ ಬೆಳೆದಳು.

ಎಂಟನೆಯ ವಯಸ್ಸಿಗೆ ಅವಳನ್ನು ನದಿಯ ಮೇಲ್ಗಡೆಯ ಮಿಶನ್ ಶಾಲೆಗೆ ಕಳಿಸಿದರು. ಅಲ್ಲಿ ಪಾದ್ರಿಗಳ ಪುಸ್ತಕದಲ್ಲಿ ಅವಳು ತೆಕ್ಲಾ. ದಿನಾ ಬೆಳಿಗ್ಗೆ ಸಾಲಿನಲ್ಲಿ ನಿಂತು 'ನನ್ನ ಹೆಸರು ತೆಕ್ಲಾ' ಎಂದು ಗಟ್ಟಿಯಾಗಿ ಹೇಳಬೇಕಿತ್ತು. ಬೇರೆ ಮಕ್ಕಳು ನಾಚಿ ತಡವರಿಸುತ್ತಿದ್ದರೆ ಇವಳು ಮಾತ್ರ ಗಂಟೆ ಬಾರಿಸಿದಂತೆ ಹೇಳುತ್ತಿದ್ದಳು. ಸಿಸ್ಟರ್ ಬೆನೆಡಿಕ್ಟಾಗೆ ಬಹಳ ಮೆಚ್ಚುಗೆ. ಹುಡುಗಿಯ ಗುಟ್ಟು ಸಿಸ್ಟರಿಗೆ ಹೇಗೆ ತಿಳಿಯಬೇಕು: ತನ್ನ ಹೆಸರು ಹೇಳುವುದು ತಪ್ಪು, ಇದು ತನ್ನ ಹೆಸರೇ ಅಲ್ಲವಲ್ಲ.

ಆ ಮಠದ ಸಿಸ್ಟರುಗಳಿಗೆ ಕಾಮ ನಿಷಿದ್ಧ, ಕಾಮಾ ಕಡ್ಡಾಯ. ಇಂಗ್ಲಿಷಿನ ಅಕ್ಷರಕ್ಕೆ ಕೊಕ್ಕೆ ಎಲ್ಲಿ, ಬಾಲ ಎಲ್ಲಿ, ಉಸಿರು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅಳತೆಕೋಲು ಹಿಡಿದು ಕಲಿಸಿದರು. 'ಹೀ' ಎನ್ನಬೇಕಾದಲ್ಲಿ 'ಶೀ' ಎಂದರೆ ಬೆರಳ ಗಿಣ್ಣಿಗೊಂದು ಪೆಟ್ಟು. ಪ್ರಾರ್ಥನೆಯನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತರುವಾಗ ಒಂದು ಮಾತು ಸೇರಿಸಿದರೂ ಪಾಪ, ಬಿಟ್ಟರೂ ಪಾಪ. ಇಷ್ಟೆಲ್ಲ ಕಲಿತರೂ ಒಂದು ಮಾತ್ರ ಅವಳ ತಲೆಗೆ ಹೋಗಲಿಲ್ಲ. ಕಾಗದದ ಕೊನೆಗೆ 'ತಮ್ಮ ವಿಧೇಯ' ಎಂದು ಬರೆದು ಕಾಮಾ ಹಾಕಿ ಕೆಳಗೆ ಹೆಸರು ಬರೆಯಬೇಕಷ್ಟೆ? ಅವಳು ಹೆಸರು ಬರೆದಾದ ಮೇಲೆ ಅದರ ಮುಂದೆ, ಚುಕ್ಕಿ ಇಡುವ ಜಾಗದಲ್ಲಿ, ಕಾಮಾ ಹಾಕುತ್ತಿದ್ದಳು. ಸಿಸ್ಟರ್ ತಿದ್ದಿದರು, ತೀಡಿದರು, ಕೊನೆಗೆ ದೇವರ ಪಾಲಿಗೆ ಬಿಟ್ಟರು.

ನಾಲ್ಕು ಚಳಿಗಾಲದ ನಂತರ ಮನೆಗೆ ಬಂದಳು. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಮನೆಯಲ್ಲೇ ಅಂಗಲ್ಗಾಕ್ ಎಂಬ ದೊಡ್ಡ ಬೇಟೆಗಾರ ಇರುವಾಗ ಗಂಡುಮಗನ ಯೋಚನೆ ಯಾಕೆ ಎಂದು ಅವಳನ್ನೇ ಹಿಮದ ಅಂಚಿಗೆ ಕರೆದುಕೊಂಡು ಹೋದ. ಸೂಜಿಗೆ ದಾರ ಪೋಣಿಸುವ ಕಣ್ಣು ಕೋವಿಯ ಗುರಿಗೂ ಒದಗಿತು. ಹದಿನೈದರಲ್ಲಿ ಅಪ್ಪ ಹಿಮ ಒಡೆದು ಸಮುದ್ರದ ಪಾಲಾದ. ಆಮೇಲೆ ಅವಳೂ ಅವಳ ಅವ್ವನೂ ಉಂಡದ್ದು ಅವಳು ಹೊಡೆದು ತಂದದ್ದನ್ನೇ. ಕಕಿಯಾನಾಕ್ ಕೊಡುತ್ತಿದ್ದ ಪಾಲು ಪಕ್ಕಕ್ಕಿರಲಿ, ಎಷ್ಟೋ ಸಲ ಅವಳೇ ಅವನ ಮನೆಗೆ ಕಳಿಸುತ್ತಿದ್ದಳು. ಅಪ್ಪ ಎಂದ ಮೇಲೆ ಮಗನನ್ನು ಉಪವಾಸ ಕೆಡವುವುದು ಹೇಗೆ?

ಸಾವಿರದ ಒಂಬೈನೂರ ನಲವತ್ತೆರಡರ ವಸಂತದಲ್ಲಿ ಒಬ್ಬ ಕ್ಯಾಪ್ಟನ್ ನಾಯಿಬಂಡಿಯಲ್ಲಿ ಬಂದ. ಸಮುದ್ರದ ಆಚೆಯಿಂದ ಜಪಾನಿನವರು ಬಂದರೂ ಬಂದಾರು, ಊರೂರಿಗೂ ಕಾವಲು ಪಡೆ ಬೇಕು, ಸಂಬಳವಿಲ್ಲ, ಕೋವಿ ಕೊಡುತ್ತೇವೆ ಎಂದ. ಗಂಡಸರ ಮನೆಯಲ್ಲಿ, ಅಂದರೆ ಊರಿನ ಗಂಡಸರೆಲ್ಲ ಒಟ್ಟಿಗೆ ಕೂತು ಕೆಲಸ ಮಾಡುವ, ಬೆವರುವ, ಕತೆ ಹೊಡೆಯುವ ಆ ಮಣ್ಣಿನ ಮನೆಯಲ್ಲಿ, ಸಭೆ ಸೇರಿತು. ಹೆಂಗಸರು ಅಲ್ಲಿಗೆ ಊಟ ತಂದಿಟ್ಟು ಹೊರಡುವುದು ರೂಢಿ. ಆದರೆ ಊರಿನಲ್ಲಿ ಇಂಗ್ಲಿಷು ಬರುತ್ತಿದ್ದವಳು ಅವಳೊಬ್ಬಳೇ. ಕೂರಿಸಿಕೊಂಡರು.

"ಈ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗುರಿ ಹೊಡೆಯೋರು ಯಾರು?" ಎಂದು ಕ್ಯಾಪ್ಟನ್ ಕೇಳಿದ.

ಅವಳು ಅದನ್ನು ತಮ್ಮ ಮಾತಿನಲ್ಲಿ ಹೇಳಿದಳು. ಕಕಿಯಾನಾಕ್ ಒಂದು ಕ್ಷಣವೂ ಯೋಚಿಸಲಿಲ್ಲ. "ನಮ್ಮಪ್ಪ," ಎಂದ. "ಮೊದ್ಲು ನಮ್ಮಪ್ಪನ ಹೆಸ್ರು ಬರ್ಕೊಳ್ಳೋಕೆ ಹೇಳು. ಅಂಗಲ್ಗಾಕ್. ಆಮೇಲೆ ಬೇಕಾದ್ರೆ ನಂದು."

ಅವಳ ಕಿವಿ ಬಿಸಿಯಾಯಿತು. ಸೇರಿಸಿದರೆ ಪಾಪ, ಬಿಟ್ಟರೆ ಪಾಪ. "ತನ್ನ ತಂದೆ ಅಂತ ಹೇಳ್ತಿದ್ದಾರೆ, ಸರ್," ಎಂದು ಕ್ಯಾಪ್ಟನ್‌ಗೆ ಹೇಳಿದಳು. "ಹೆಸರು ಅಂಗಲ್ಗಾಕ್." ಅದು ತಾನೇ ಎಂದು ಸೇರಿಸಲಿಲ್ಲ. ಕಕಿಯಾನಾಕ್ ಹಾಗೆ ಹೇಳಿರಲಿಲ್ಲವಲ್ಲ. ಆದರೂ ಅವನ ಮಾತೊಳಗೆ ತನ್ನ ಹೆಸರು ತನ್ನ ನಾಲಿಗೆಯ ಮೇಲೆ ಹಾದುಹೋದದ್ದಕ್ಕೆ ಬಾಯಿ ಸುಟ್ಟಂತಾಯಿತು. ತಾನು ಹೇಳಲಿಲ್ಲ, ದಾಟಿಸಿದೆ ಅಷ್ಟೆ, ಎಂದು ಸಮಾಧಾನ ಮಾಡಿಕೊಂಡಳು.

ಕ್ಯಾಪ್ಟನ್ ನರೆಗೂದಲಿನ ಕಕಿಯಾನಾಕ್‌ನನ್ನು ಮೇಲಿಂದ ಕೆಳಗೆ ನೋಡಿದ. "ಇವರ ತಂದೆಯಾ! ವಯಸ್ಸೆಷ್ಟು?"

"ಹದಿನೆಂಟು ತುಂಬಿತು ನಮ್ಮಪ್ಪನಿಗೆ," ಎಂದ ಕಕಿಯಾನಾಕ್.

"ಎಯ್ಟೀನ್," ಎಂದಳು ಅವಳು. ಚಳಿಗೆ ಆ ಪದದ ಬಾಲ ಉದುರಿತೋ, ಕ್ಯಾಪ್ಟನ್ನಿನ ತುಪ್ಪುಳದ ಟೋಪಿಯ ಕಿವಿ ಅದನ್ನು ನುಂಗಿತೋ, ಅರವತ್ತರ ಮಗನ ಅಪ್ಪನಿಗೆ ಎಷ್ಟಿರಬೇಕೋ ಅಷ್ಟನ್ನೇ ಆತ ಕೇಳಿಸಿಕೊಂಡ.

"ಎಯ್ಟಿ! ಎಂಬತ್ತಕ್ಕೂ ಗುರಿ ತಪ್ಪಲ್ಲ ಅಂದ್ರೆ ಗಟ್ಟಿ ಜನ ನೀವು," ಎಂದು ತಲೆದೂಗಿ ಬರೆದುಕೊಂಡ. ಅವಳಿಗೆ ಕಾಗದ ತಲೆಕೆಳಗಾಗಿ ಕಾಣುತ್ತಿತ್ತು. ಅಂಗಲ್ಗಾಕ್, ಎಂಬತ್ತು.

ತಿದ್ದಬಹುದಿತ್ತು. ಬಾಯಿ ತೆರೆದಳು ಕೂಡ. ಆದರೆ ಕಣ್ಣು ಆ ಹೆಸರಿನ ಮೇಲೆ ಕೂತಿತ್ತು. ಪಾದ್ರಿಗಳ ಪುಸ್ತಕದಲ್ಲಿ ತೆಕ್ಲಾ, ಶಾಲೆಯ ಪುಸ್ತಕದಲ್ಲಿ ತೆಕ್ಲಾ, ವ್ಯಾಪಾರಿಯ ಪುಸ್ತಕದಲ್ಲಿ 'ಸತ್ತವನ ಮಗಳು'. ಅವಳ ಹೆಸರು ಒಂದು ಕಾಗದದ ಮೇಲೆ ಕೂತದ್ದು ಹುಟ್ಟಿದ ಮೇಲೆ ಅದೇ ಮೊದಲು. ಅದರ ಕೆಳಗೆ ಸರ್ಕಾರದ ಸೀಲು. ಅವಳು ಕಂಡಿದ್ದ ಸೀಲುಗಳೆಲ್ಲ ಈಜುವಂಥವು. ಇದು ಕೂತರೆ ಏಳುವಂಥದ್ದಲ್ಲ. ಬಾಯಿ ಮುಚ್ಚಿದಳು. ಒಂದು ಮಾತು ಬಿಟ್ಟ ಪಾಪ ಅಲ್ಲಿಂದ ಶುರುವಾಯಿತು.

ಕೋವಿಗಳು ಬಂದವು. ಹಿಂದಿನ ಯಾವುದೋ ಯುದ್ಧದಲ್ಲಿ ಉಳಿದ ಉದ್ದನೆಯ ಭಾರದ ಕೋವಿಗಳು. ಕಕಿಯಾನಾಕ್ ಸಾರ್ಜೆಂಟ್ ಆದ. ಸಾರ್ಜೆಂಟ್ ಆದರೂ ಅವನು ದಿನಾ ಬೆಳಿಗ್ಗೆ ಅವಳ ಬಾಗಿಲಿಗೆ ಬಂದು, "ಅಪ್ಪಾ, ಇವತ್ತು ಯಾರನ್ನ ಎಲ್ಲಿ ನಿಲ್ಲಿಸ್ಲಿ?" ಎಂದು ಕೇಳುತ್ತಿದ್ದ. ಇನ್ನೊಂದು ಕಡೆ ಊರಿನ ಹೆಂಗಸರೆಲ್ಲ ಸೈನ್ಯಕ್ಕೆಂದು ಚರ್ಮದ ಅಂಗಿ, ಕೈಗವಸು, ಬೂಟು ಹೊಲಿಯುತ್ತಿದ್ದರು. ಅವಳೂ ಹೊಲಿಯುತ್ತಿದ್ದಳು. ಬೆಳಿಗ್ಗೆ ಗುಂಡು, ಮಧ್ಯಾಹ್ನ ಗುಂಡಿ. ಎರಡಕ್ಕೂ ಬೇಕಾದದ್ದು ಗುಂಡಿಗೆ ಎಂದು ಮಂಚುವಾಕ್ ನಗುತ್ತಿದ್ದಳು, ತನ್ನ ಮಾತಿನಲ್ಲಿ, ಹೆಚ್ಚು ಕಡಿಮೆ ಇದೇ ಅರ್ಥದಲ್ಲಿ.

ಅವಳ ಮುಖ್ಯ ಕೆಲಸ ಊರಾಚೆಯ ಭೂಶಿರದ ಮೇಲಿನ ಕಾವಲು. ದಡಕ್ಕೆ ತೇಲಿಬಂದ ಮರದ ದಿಮ್ಮಿಗಳಿಂದ ಕಟ್ಟಿದ ಮೋಟು ಗೂಡು; ಅಲ್ಲಿಂದ ಮೂರು ದಿಕ್ಕಿನ ಸಮುದ್ರ ಕಾಣುತ್ತದೆ. ಕಂಡದ್ದನ್ನೆಲ್ಲ ಬರೆದು ತಿಂಗಳಿಗೊಮ್ಮೆ ಕಳಿಸಬೇಕು. ಕಂಡವರೇ ಸಹಿ ಹಾಕಬೇಕು ಎಂದು ನಿಯಮ. ಮೊದಲ ವರದಿ ಬರೆದ ದಿನ ಸಹಿಯ ಜಾಗಕ್ಕೆ ಬಂದು ಪೆನ್ಸಿಲು ನಿಂತಿತು. ಹೆಸರನ್ನು ಹೇಳಬಾರದು, ಸರಿ. ಬರೆಯಬಾರದು ಎಂದು ಯಾರೂ ಅಂದಿರಲಿಲ್ಲ. ಹಿರಿಯರ ಕಾಲದಲ್ಲಿ ಬರೆಯುವುದೇ ಇರಲಿಲ್ಲವಲ್ಲ, ಅನ್ನುವವರು ಯಾರು? ಸಿಸ್ಟರ್ ಬೆನೆಡಿಕ್ಟಾ ಕಲಿಸಿದ ಓರೆಯಕ್ಷರದಲ್ಲಿ, ಬಾಲಕ್ಕೆ ಬಾಲ ಕೊಕ್ಕೆಗೆ ಕೊಕ್ಕೆ ಸೇರಿಸಿ, ನಿಧಾನವಾಗಿ 'ಅಂಗಲ್ಗಾಕ್' ಎಂದು ಬರೆದಳು. ಮುಂದೆ ಒಂದು ಕಾಮಾ ತನ್ನಷ್ಟಕ್ಕೆ ಬಂದು ಕೂತಿತು.

ಮೂರು ವರ್ಷ ಹೀಗೆ ಹೋಯಿತು. 'ಮಂಜು, ನೈಋತ್ಯದ ಗಾಳಿ, ಹಡಗು ಇಲ್ಲ, ವಿಮಾನ ಇಲ್ಲ, ಸೀಲು ನಲವತ್ತು.' ನೋಡಿದ್ದನ್ನು ಬಿಟ್ಟರೆ ಪಾಪವಾದ್ದರಿಂದ ಸೀಲನ್ನೂ ಎಣಿಸಿ ಬರೆಯುತ್ತಿದ್ದಳು. ಒಂದು ಫೆಬ್ರುವರಿಯಲ್ಲಿ ಮಾತ್ರ ಬೇರೆ ಬರೆಯಬೇಕಾಯಿತು. ಬಯಲಿನಲ್ಲಿ, ಗಾಳಿಯಲ್ಲಿ ತೇಲಿಬಂದ ದೊಡ್ಡದೊಂದು ಕಾಗದದ ಬುಗ್ಗೆ, ಅಂದರೆ ಬಲೂನು, ಹರಿದು ಬಿದ್ದಿತ್ತು. ಅದರ ಹಗ್ಗಗಳಿಗೆ ಒಂದು ಕಬ್ಬಿಣದ ಬಳೆ, ಬಳೆಗೆ ಜೋತುಬಿದ್ದ ಡಬ್ಬಿಗಳು. ಕಾಗದ ಗಟ್ಟಿಯಾಗಿದೆ, ಮಳೆಯಂಗಿಗೆ ಆಗುತ್ತದೆ ಎಂದು ಊರಿನ ಹೆಂಗಸರು ಕತ್ತಿ ಹಿಡಿದು ಹೊರಟೇಬಿಟ್ಟಿದ್ದರು. ಅವಳು ಕೋವಿಯನ್ನು ಅಡ್ಡ ಹಿಡಿದು ದಾರಿಯಲ್ಲಿ ನಿಂತಳು.

"ಲೇ ಗಂಡ, ಸರ್ಕೊಳ್ಳೇ ಪಕ್ಕಕ್ಕೆ! ಚೂರು ಕಾಗದಕ್ಕೂ ಅಡ್ಡ ಬರ್ತೀಯಾ? ದೋಣಿ ಮುಳುಗಿಸಿದ್ದು ಸಾಲ್ದಾ?" ಎಂದು ಮಂಚುವಾಕ್ ಕೂಗಿದಳು.

"ಅದಕ್ಕೆ ಕೈ ಹಾಕಿದ್ರೆ ಈ ಸಲ ಮುಳುಗೋದು ದೋಣಿಯಲ್ಲ ಅಜ್ಜಿ, ಊರು," ಎಂದಳು ಅವಳು.

ಮೂರು ದಿನ ಅಲ್ಲೇ ಕೂತಳು. ನಾಲ್ಕನೆಯ ದಿನ ಸೈನ್ಯದವರು ಬಂದು, ಇದು ಜಪಾನಿನವರು ಗಾಳಿಗೆ ಬಿಟ್ಟದ್ದು, ಎರಡು ಸಿಡಿಮದ್ದು ಇನ್ನೂ ಜೀವಂತ ಎಂದು ಹೇಳಿ, ದೂರದಿಂದ ಸಿಡಿಸಿದರು. ಆಕಾಶಕ್ಕೆ ಹಾರಿದ ಮಣ್ಣು ನೋಡಿದ ಮೇಲೆ ಮಂಚುವಾಕ್ ಎರಡು ದಿನ ದೋಣಿಯ ಮಾತೆತ್ತಲಿಲ್ಲ.

ಆ ಏಪ್ರಿಲಿನಲ್ಲಿ ಸುದ್ದಿ ಬಂತು: ಸ್ಟೋವರ್ ಎಂಬ ಮೇಜರ್ ಊರೂರು ತಪಾಸಣೆಗೆ ಬರುತ್ತಿದ್ದಾನೆ. ಕೆಲವು ಕಡೆ ಸತ್ತವರ ಹೆಸರಿನಲ್ಲಿ ಕೋವಿ ಪಡೆದಿದ್ದಾರೆಂದು ಯಾರೋ ಅವನ ಕಿವಿ ಊದಿದ್ದರು. ಕೂಗಿದಾಗ ಎದುರು ಬಂದು ನಿಂತವರ ಹೆಸರು ಉಳಿಯುತ್ತದೆ, ಉಳಿದವರದ್ದು ಅಳಿಯುತ್ತದೆ. ಬಡಗಣ ಊರಿನಲ್ಲಿ ಇಬ್ಬರು ಎದುರು ಬಂದು ನಿಂತರೂ ಹೆಂಗಸರೆಂದು ಅವರ ಹೆಸರು ಹೊಡೆದು ಹಾಕಿದನಂತೆ. ಹೆಂಗಸರು ಹೊಲಿಯಲಿ ಸಾಕು ಎಂದನಂತೆ.

ಗಂಡಸರ ಮನೆಯಲ್ಲಿ ಮತ್ತೆ ಸಭೆ. "ಆ ದಿನಕ್ಕೆ ಯಾರಾದ್ರೂ ಮುದುಕ್ರನ್ನ ಅಂಗಲ್ಗಾಕ್ ಅಂತ ನಿಲ್ಸೋಣ," ಎಂದು ಒಬ್ಬ ಸೂಚಿಸಿದ.

ಕಕಿಯಾನಾಕ್ ಕೆಂಪಾದ. "ಜೀವಂತ ಅಪ್ಪ ಇಲ್ಲಿ ಕೂತಿರ್ಬೇಕಾದ್ರೆ ಕಂಡೋರ್ನ ಅಪ್ಪ ಅನ್ಲಾ ನಾನು?"

ಊಟದ ಬೋಗುಣಿ ತಂದಿದ್ದ ಮಂಚುವಾಕ್ ಬಾಗಿಲಲ್ಲೇ ನಿಂತಳು. "ಕಂಡೋನನ್ನ ಗಂಡ ಅಂತ ತೋರ್ಸೋಕೆ ಈ ವಯಸ್ನಲ್ಲಿ ನನ್ಗೆ ಹೇಳ್ತೀರಾ? ಹಲ್ಲು ಹೋಗಿದೆ, ಮಾನ ಇನ್ನೂ ಇದೆ ಕಣ್ರೋ!"

ಎಲ್ಲರೂ ನಕ್ಕರು. ಅಂಗಲ್ಗಾಕ್ ನಗಲಿಲ್ಲ. ಕೋವಿ ಹೋದರೆ ಹೋಗಲಿ, ಅಪ್ಪನ ಹಳೆಯ ಕೋವಿ ಇದೆ. ಸಂಬಳವಂತೂ ಮೊದಲೇ ಇಲ್ಲ. ಆದರೆ ಆ ಮೇಜರ್ ಒಂದು ಗೆರೆ ಎಳೆದುಬಿಟ್ಟರೆ ತಾನು ಮತ್ತೆ ತೆಕ್ಲಾ. ಪೂರ್ತಿ ತೆಕ್ಲಾ. ತಾನು ಮಾತ್ರವಲ್ಲ, ಮುದುಕನೂ ಎರಡನೆಯ ಸಲ ಸಾಯುತ್ತಾನೆ, ಈ ಸಲ ಒಳಗೆ ಕರೆದುಕೊಳ್ಳಲು ಯಾವ ಕೂಸೂ ಇರುವುದಿಲ್ಲ. ಎದುರು ಬಂದು ನಿಲ್ಲದಿದ್ದರೆ ಸತ್ತವನೆಂದು ಗೆರೆ. ನಿಂತರೆ ಹೆಂಗಸೆಂದು ಗೆರೆ. ಎರಡು ದಿನ ಅವಳು ಹೊಲಿದ ಬೂಟಿನ ಹೊಲಿಗೆ ಬಿಚ್ಚಿ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಮೇಜರ್ ಸ್ಟೋವರ್ ಪುಟ್ಟ ವಿಮಾನದಲ್ಲಿ ಬಂದಿಳಿದ. ಉದ್ದನೆಯ, ಒಣಮೀನಿನಂಥ ಮನುಷ್ಯ. ಕಾವಲಿನವರನ್ನು ಹಿಮದ ಮೇಲೆ ಸಾಲಾಗಿ ನಿಲ್ಲಿಸಿದರು. ಅವಳು ದುಭಾಷಿಯಾಗಿ ಅವನ ಪಕ್ಕದಲ್ಲಿ ನಿಂತಳು. ಊರಿನವರೆಲ್ಲ ಸುತ್ತ ನೆರೆದಿದ್ದರು.

"ಪ್ರತಿಯೊಬ್ಬನೂ ಒಂದು ಹೆಜ್ಜೆ ಮುಂದೆ ಬಂದು ತನ್ನ ಹೆಸರು ತಾನೇ ಹೇಳ್ಬೇಕು," ಎಂದ ಮೇಜರ್.

ಅವಳು ದಾಟಿಸಿದಳು. ಸಾಲು ಗರಬಡಿದಂತೆ ನಿಂತಿತು. ಮೊದಲನೆಯವನು ಕಕಿಯಾನಾಕ್. ಒಂದು ಹೆಜ್ಜೆ ಮುಂದೆ ಬಂದ, ಸಲಾಮು ಹೊಡೆದ, ಆಮೇಲೆ ಕತ್ತು ತಿರುಗಿಸಿ ಹಿಂದಿನವನ ಮುಖ ನೋಡಿದ. ಹಿಂದಿನವನು "ಕಕಿಯಾನಾಕ್" ಎಂದ. ಹಿಂದಿನವನು ಮುಂದೆ ಬಂದಾಗ ಅವನ ಹಿಂದಿನವನ ಮುಖ ನೋಡಿದ. ಹೀಗೆ ನಾಲ್ಕು ಜನ ಆಗುವಷ್ಟರಲ್ಲಿ ಮೇಜರ್ ಮುಖ ಕೆಂಪಾಯಿತು.

"ಈ ಸೈನ್ಯದಲ್ಲಿ ಒಬ್ಬನಿಗೂ ತನ್ನ ಹೆಸರು ನೆನಪಿಲ್ವಾ?"

"ನೆನಪಿದೆ, ಸರ್," ಎಂದಳು ಅವಳು. "ತಮ್ಮ ಹೆಸರು ತಾವು ಹೇಳಿದ್ರೆ ಜಂಬ ಅಂತ."

ಮೇಜರ್ ಹುಬ್ಬೇರಿಸಿದ, ಪಟ್ಟಿ ನೋಡಿದ. ಇನ್ನು ಪಟ್ಟಿಯನ್ನು ತಾನೇ ಓದುವುದೆಂದು ನಿಶ್ಚಯಿಸಿದ. ಎಲ್ಲರದ್ದೂ ಮುಗಿಯಿತು. ಪಟ್ಟಿಯ ತಲೆಯಲ್ಲಿದ್ದ ಹೆಸರನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದ.

"ಅಂಗಲ್ಗಾಕ್. ವಯಸ್ಸು ಈಗ ಎಂಬತ್ತಮೂರು."

ಹಿಮದ ಮೇಲೆ ಒಂದು ನಾಯಿ ಆಕಳಿಸಿದ್ದು ಕೇಳಿಸಿತು.

"ನಿಜ ಹೇಳ್ಬೇಕಂದ್ರೆ," ಎಂದ ಮೇಜರ್, ದನಿ ಸ್ವಲ್ಪ ಮೆತ್ತಗಾಗಿ, "ಇನ್ನೂರು ಮೈಲಿ ಬಂದಿರೋದು ಈ ಮುದುಕರ ಕೈ ಕುಲುಕೋಕೆ. ಇಡೀ ಕರಾವಳೀಲಿ ಓದೋಕೆ ಆಗೋ ವರದಿ ಬರ್ಯೋದು ಇವರೊಬ್ಬರೇ. ಆ ಬುಗ್ಗೆ ಕಾದವರೂ ಇವರೇ. ಎಲ್ಲಿ? ಕಾಯಿಲೆ ಬಿದ್ದಿದ್ದಾರಾ? ಇಲ್ಲ, ಬದುಕೇ ಇಲ್ವಾ?" ಹಾಗೆ ಕೇಳುತ್ತ ಪೆನ್ಸಿಲು ತೆಗೆದ.

ಅವಳು ಅಷ್ಟನ್ನೂ ದಾಟಿಸಬೇಕಾಯಿತು. ತನ್ನ ಹೊಗಳಿಕೆಯನ್ನು ತಾನೇ, ಒಂದು ಮಾತೂ ಬಿಡದೆ. ಹೇಳುವಷ್ಟರಲ್ಲಿ ಬೆವರಿದಳು.

ಗುಂಪಿನಿಂದ ಮಂಚುವಾಕ್ ಕೋಲೂರಿಕೊಂಡು ಬಂದಳು. "ಬದುಕಿಲ್ಲ ಅಂದೋನು ಯಾರು? ನನ್ನ ಗಂಡ ಇಲ್ಲೇ ಇದೆ. ಇವನ ಪಕ್ಕದಲ್ಲೇ ಕಂಬದ ಹಾಗೆ ನಿಂತಿದೆ. ಕಣ್ಣು ಕಾಣಲ್ವಾ ಈ ಒಣಮೀನಿಗೆ?"

"ಏನಂತಾರೆ?" ಎಂದ ಮೇಜರ್.

ಒಣಮೀನನ್ನು ಮಾತ್ರ ಬಿಟ್ಟಳು. ಆ ಪಾಪವನ್ನು ದೇವರು ಕ್ಷಮಿಸಬೇಕು. "ತನ್ನ ಗಂಡ ಇಲ್ಲೇ ಇದ್ದಾರೆ ಅಂತಾರೆ, ಸರ್."

"ಎಲ್ಲಿ?"

"ಅವರು... ನನ್ನ ಕಡೆ ಬೆರಳು ತೋರಿಸ್ತಿದ್ದಾರೆ, ಸರ್."

ಮೇಜರ್ ಬೆರಳನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಬೆರಳನ್ನು ನೋಡಿದ. ಕಕಿಯಾನಾಕ್‌ನ ಕಡೆ ತಿರುಗಿದ. "ಸಾರ್ಜೆಂಟ್, ನಿನ್ನ ತಂದೆ ಯಾರು?" ಸಾರ್ಜೆಂಟ್ ಹೆಮ್ಮೆಯಿಂದ ಗದ್ದ ಎತ್ತಿ ಅವಳನ್ನೇ ತೋರಿಸಿದ. ಮಂಚುವಾಕ್‌ಳ ತಂಗಿ "ನಮ್ಮ ಭಾವ" ಎಂದಳು. ಯಾರೋ "ನಮ್ಮ ಸೋದರಮಾವ" ಎಂದರು. ಒಂದು ಹೆಣ್ಣಿನ ಸುತ್ತ ಒಂದು ಇಡೀ ವಂಶವೇ ಬೆರಳು ಚಾಚಿ ನಿಂತಿತು.

"ಹೆಸರು ಒಳಗೆ ಬರುತ್ತೆ, ಸರ್," ಎಂದು ಅವಳು ಮೆಲ್ಲನೆ ಹೇಳಿದಳು. "ಅವರು ತೀರ್ಕೊಂಡ ಚಳಿಗಾಲದಲ್ಲಿ ನಾನು ಹುಟ್ಟಿದೆ. ಯಾರೂ ಸುಳ್ಳು ಹೇಳ್ಲಿಲ್ಲ. ಒಂದು ತಪ್ಪು ಮಾತ್ರ ನಂದು. ನಾನು ಅವತ್ತು ಎಯ್ಟೀನ್ ಅಂದೆ. ಕ್ಯಾಪ್ಟನ್ ಎಯ್ಟಿ ಅಂತ ಬರ್ಕೊಂಡ್ರು. ನೋಡಿದೆ. ನೋಡಿ ಸುಮ್ಮನಿದ್ದೆ."

ಮೂರು ವರ್ಷ ಹೊತ್ತ ಪಾಪ ಇಳಿಯಿತು. ಇಳಿದರೂ ಹಗುರವಾಗಲಿಲ್ಲ, ಪೆನ್ಸಿಲು ಇನ್ನೂ ಪಟ್ಟಿಯ ಮೇಲೆಯೇ ಇತ್ತು.

"ಗುರಿ ಹೊಡೆಯೋಕೆ ಬರುತ್ತಾ ನಿನಗೆ?"

"ಅಷ್ಟೇನಿಲ್ಲ, ಸರ್." ಬರುತ್ತದೆ ಎಂದು ಬಾಯಿಬಿಟ್ಟು ಹೇಳಿದವರಿಗೆ ಪ್ರಾಣಿಗಳು ಸಿಗುವುದಿಲ್ಲ.

"ಸಾರ್ಜೆಂಟ್?"

"ನಮ್ಮಪ್ಪನಾ? ಏನೋ, ಸುಮಾರು," ಎಂದ ಕಕಿಯಾನಾಕ್ ವಿನಯದಿಂದ. ಅವಳು ಅದನ್ನೂ ಇದ್ದ ಹಾಗೇ ದಾಟಿಸಿದಳು. ಇಬ್ಬರೂ ಸೇರಿ ಅವಳ ಹೆಸರನ್ನು ಮರ್ಯಾದೆಯಿಂದ ಮುಗಿಸಿಬಿಡುವುದರಲ್ಲಿದ್ದರು.

ಮೇಜರ್ ನಿಟ್ಟುಸಿರಿಟ್ಟ. "ಈ ಊರಿನವರೆಲ್ಲ ನೀನು ಯಾರು ಅಂತ ಹೇಳಾಯ್ತು. ಅವರು ಹೇಳಿದ್ದು ನನ್ನ ಕಾಗದಕ್ಕೆ ಆಗಲ್ಲ. ನೀನು ಹೇಳು. ನಾನು ಇಂಥವಳು ಅಂತ ನಿನ್ನ ಬಾಯಲ್ಲಿ ಒಂದು ಸಲ ಹೇಳಿದ್ರೆ, ಆಮೇಲೆ ಯೋಚಿಸ್ತೀನಿ."

ಅವಳು ಬಾಯಿ ತೆರೆದಳು. 'ನನ್ನ ಹೆಸರು' ಎನ್ನುವವರೆಗೆ ಬಂತು. ಮುಂದಿನ ಮಾತಿಗೆ ನಾಲಿಗೆಯ ತುದಿಯಲ್ಲಿ ತೆಕ್ಲಾ ಸಿದ್ಧವಾಗಿ ನಿಂತಿದ್ದಳು, ಸಾಲಿನಲ್ಲಿ ನಿಂತ ಶಾಲೆಯ ಹುಡುಗಿಯ ಹಾಗೆ, ಅಷ್ಟು ಸುಲಭವಾಗಿ. ಅದನ್ನು ನುಂಗಿದಳು. ಇನ್ನೊಂದು ಹೆಸರು ಗಂಟಲಿನ ಕೆಳಗೆ ಎಲ್ಲೋ ಕೂತಿತ್ತು, ಎಳೆದರೂ ಬರಲಿಲ್ಲ. ಎಳೆಯಬಾರದೆಂದು ಅವಳಿಗೂ ಗೊತ್ತಿತ್ತು. ಸುತ್ತ ನಿಂತವರೆಲ್ಲ ನೆಲ ನೋಡಿದರು. ಅವಳು ಹೇಳಿದರೂ ನಾಚಿಕೆ, ಹೇಳದಿದ್ದರೂ ನಷ್ಟ. ಎರಡನ್ನೂ ನೋಡಲು ಅವರಿಗೆ ಇಷ್ಟವಿರಲಿಲ್ಲ.

ಆಗ ಅವಳು ಕೈಗವಸು ಕಳಚಿ ಕೈ ಚಾಚಿದಳು. ಮೇಜರ್‌ಗೆ ಅರ್ಥವಾಗಲಿಲ್ಲ. ಅವಳೇ ಅವನ ಬೆರಳಿನಿಂದ ಪೆನ್ಸಿಲು ತೆಗೆದುಕೊಂಡು, ಪಟ್ಟಿಯ ಅಂಚಿನ ಖಾಲಿ ಜಾಗದಲ್ಲಿ ಬರೆದಳು. ಚಳಿಗೆ ಬೆರಳು ಸೆಟೆದಿದ್ದರೂ ಓರೆ ಓರೆಯಾಗಿಯೇ ಇತ್ತು, ಬಾಲ ಬಾಲವಾಗಿಯೇ ಇತ್ತು. ಬರೆದು ಮುಗಿಸಿ, ಅಭ್ಯಾಸಬಲದಿಂದ, ಮುಂದೊಂದು ಕಾಮಾ ಹಾಕಿದಳು.

ಮೇಜರ್ ಹೆಸರನ್ನು ಓದಲಿಲ್ಲ. ಕಾಮಾವನ್ನೇ ನೋಡಿದ. ಅಂಗಿಯೊಳಗಿನಿಂದ ವರದಿಗಳ ಕಟ್ಟು ತೆಗೆದು ಒಂದೊಂದೇ ಮಗುಚಿದ. ಮೂವತ್ತೈದು ಸಹಿ, ಮೂವತ್ತೈದು ಕಾಮಾ.

"ಆಫೀಸಿನಲ್ಲಿ ಇದರ ಮೇಲೆ ನಾವು ಬಾಜಿ ಕಟ್ಟಿದ್ವಿ," ಎಂದ ಕೊನೆಗೆ. "ಮುದುಕರಿಗೆ ಕೈ ನಡುಕ, ಅದಕ್ಕೆ ಚುಕ್ಕಿ ಜಾರಿ ಬಾಲ ಬಂದಿದೆ ಅಂತ ನಾನು. ಸೋತೆ."

ಪೆನ್ಸಿಲು ವಾಪಸು ತೆಗೆದುಕೊಂಡ. ಎಂಬತ್ತರ ಮೇಲೆ ಅದನ್ನು ಸ್ವಲ್ಪ ಹೊತ್ತು ಹಿಡಿದ. "ಇದನ್ನ ತಿದ್ದಬೇಕಂದ್ರೆ ಮೂರು ಆಫೀಸಿಗೆ ವಿವರಣೆ ಬರೀಬೇಕು. ಯುದ್ಧ ಅಷ್ಟು ದಿನ ನಡೆಯೋ ಹಾಗೆ ಕಾಣಲ್ಲ," ಎಂದು ಹೆಸರಿನ ಎದುರು 'ಹಾಜರು' ಎಂದು ಬರೆದ. ಷರಾ ಎಂಬಲ್ಲಿ, 'ವಯಸ್ಸಿಗೆ ಹೋಲಿಸಿದರೆ ಗಟ್ಟಿಮುಟ್ಟಾಗಿದ್ದಾನೆ' ಎಂದು ಸೇರಿಸಿದ. ಆಮೇಲೆ ಕೈಗವಸು ಕಳಚಿ ಅವಳ ಕೈ ಕುಲುಕಿದ.

"ನೋಡಿದ್ಯಾ," ಎಂದಳು ಮಂಚುವಾಕ್ ತಂಗಿಗೆ, "ಪರಪುರುಷನ ಕೈ ಹಿಡ್ಕೊಂಡು ನಿಂತಿದೆ ನನ್ನ ಗಂಡ."

ಯುದ್ಧ ಮುಗಿಯಿತು, ಕಾವಲು ಪಡೆಯೂ ಮುಗಿಯಿತು. ಕೋವಿಯನ್ನು ಯಾರೂ ವಾಪಸು ಕೇಳಲಿಲ್ಲ. ಕೇಳಲು ಬಂದಿದ್ದರೂ ಎಂಬತ್ತರ ಮುದುಕನನ್ನು ಹುಡುಕಬೇಕಿತ್ತು. ಪದಕವಿಲ್ಲ, ಕಾಗದವಿಲ್ಲ, ಒಂದು ವಂದನೆಯೂ ಇಲ್ಲ. ಅವಳು ದಕ್ಷಿಣದ ಊರಿನ ಒಬ್ಬ ಮೀನುಗಾರನನ್ನು ಮದುವೆಯಾದಳು. ಆರು ಮಕ್ಕಳು, ಅದರಲ್ಲಿ ಉಳಿದದ್ದು ನಾಲ್ಕು. ಊರಿನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದಳು. ಬೋರ್ಡಿನ ಮೇಲೆ ಮಕ್ಕಳ ಹೆಸರು ಮೇಷ್ಟ್ರು ತಪ್ಪು ಬರೆದರೆ ಸೌಟು ಹಿಡಿದೇ ಬಂದು ತಿದ್ದಿ ಹೋಗುತ್ತಿದ್ದಳು. ಕಕಿಯಾನಾಕ್ ಹೋದ, ಅವನ ಹೆಸರು ಒಂದು ಕೂಸಿನೊಳಗೆ ಬಂತು. ಆ ಕೂಸು ಬೆಳೆದು ಈಗ ಹಿಮದ ಮೋಟಾರುಬಂಡಿ ರಿಪೇರಿ ಮಾಡುವ ನಡುವಯಸ್ಸಿನವನು, ಅವನೂ ಅವಳನ್ನು ಅಪ್ಪ ಎನ್ನುತ್ತಾನೆ. ಮಂಚುವಾಕ್ ಹೋದಳು, ಸಾಯುವ ಹಿಂದಿನ ದಿನವೂ ದೋಣಿಯ ಮಾತೆತ್ತಿ. ಅವಳ ಹೆಸರು ಇಬ್ಬರನ್ನು ದಾಟಿ ಅಂಗಲ್ಗಾಕ್‌ಳ ಮರಿಮಗಳ ನೆತ್ತಿಗೆ ಬಂದಿಳಿಯಿತು.

ಕ್ಯಾಪ್ಟನ್ ಹೆಸರು ಬರೆದುಕೊಂಡು ಹೋದ ಅರವತ್ತೆರಡು ವರ್ಷದ ಮೇಲೆ ಸರ್ಕಾರಕ್ಕೆ ನೆನಪಾಯಿತು. ಕಾವಲು ಪಡೆಯಲ್ಲಿದ್ದವರೆಲ್ಲ ಸೈನಿಕರೇ ಹೌದೆಂದು ಕಾಗದ ಕೊಡಲು ಶಾಲೆಯ ಸಭಾಂಗಣಕ್ಕೆ ಒಬ್ಬ ಅಧಿಕಾರಿ ಬಂದಳು. ಹೌದು, ಬಂದಳು, ಸಮವಸ್ತ್ರ, ಪದಕ, ಎಲ್ಲ ಇದ್ದ ಹೆಣ್ಣು. ಹತ್ತೊಂಬತ್ತು ಹೆಸರು ಕೂಗಿದಳು. ಹದಿನೆಂಟಕ್ಕೆ ಮಕ್ಕಳೋ ಮೊಮ್ಮಕ್ಕಳೋ ಬಂದು ಕಾಗದ ಇಸಿದುಕೊಂಡರು.

"ಶ್ರೀ ಅಂಗಲ್ಗಾಕ್. ವಯಸ್ಸು ಎಂಬತ್ತು."

ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದ ಮುದುಕಿಗೆ ಆ ಚಳಿಗಾಲಕ್ಕೆ ಸರಿಯಾಗಿ ಎಂಬತ್ತು ತುಂಬಿತ್ತು. ಯಾರೋ ಹಳೆಯ ಪಟ್ಟಿಯನ್ನು ಹಾಗೆಯೇ ನಕಲು ಮಾಡಿದ್ದರು. ಅವಳು ನಡೆದು ನಡೆದು ಕೊನೆಗೂ ಅದನ್ನು ಮುಟ್ಟಿದ್ದಳು. ಅಧಿಕಾರಿ ಸುತ್ತ ನೋಡಿದಳು. "ಇವರ ಕಡೆಯವರು ಯಾರು?"

ಮುದುಕಿ ಪಕ್ಕದವರ ಮುಖ ನೋಡಿದಳು. ಪಕ್ಕದಲ್ಲಿ ಕೂತಿದ್ದುದು ಐದು ವರ್ಷದ ಮರಿಮಗಳು. ಅದು ಕುರ್ಚಿಯ ಮೇಲೆ ಹತ್ತಿ ನಿಂತು, "ಇಲ್ಲೇ ಇದೆ! ಇದು ನನ್ನ ಗಂಡ!" ಎಂದು ಕೂಗಿತು.

ಸಭಾಂಗಣ ನಗೆಯಲ್ಲಿ ಮುಳುಗಿತು. ಅಧಿಕಾರಿಗೆ ಎಲ್ಲ ವಿವರಿಸುವ ಹೊತ್ತಿಗೆ ಚಹಾ ಆರಿತ್ತು. ಅವಳು ಕಾಗದ ನೋಡಿ ಮುಖ ಸಣ್ಣಗೆ ಮಾಡಿಕೊಂಡಳು. "'ಶ್ರೀ' ಅಂತ ಆಗಿಬಿಟ್ಟಿದೆ, ಅಜ್ಜಿ. ವಾಪಸು ತಗೊಂಡು ಹೋಗಿ ಸರಿ ಮಾಡಿಸಿ ಕಳಿಸ್ತೀನಿ. ಸ್ವಲ್ಪ ತಿಂಗಳಾಗಬಹುದು."

ಮುದುಕಿ ಕಾಗದವನ್ನು ಬಿಡಲಿಲ್ಲ. "ಬೇಡ ಮಗಳೇ. ಅದು ನನಗಿಂತ ಮೊದಲಿನವರದ್ದೂ ಹೌದಲ್ಲ," ಎಂದಳು.

ಪಡೆದುಕೊಂಡದ್ದಕ್ಕೆ ಸಹಿ ಬೇಕಿತ್ತು. ಕೈ ಈಗ ನಿಜಕ್ಕೂ ನಡುಗುತ್ತಿತ್ತು. ಆದರೂ ಓರೆಯಾಗಿ, ಕೊಕ್ಕೆಗೆ ಕೊಕ್ಕೆ ಸೇರಿಸಿ ಬರೆದಳು. ಅಧಿಕಾರಿ ಕಾಗದ ಎಳೆದುಕೊಳ್ಳಲು ಬಂದಾಗ, "ತಡಿ," ಎಂದು ಇನ್ನೊಂದು ಗೀಟು ಎಳೆದಳು.

ಮರಿಮಗಳು ಬಗ್ಗಿ ನೋಡಿತು. ಈಗಷ್ಟೇ ಶಾಲೆಗೆ ಸೇರಿತ್ತು, ಚುಕ್ಕಿಯ ವಿಷಯ ಕಲಿತಿತ್ತು. "ಗಂಡ, ಇದು ತಪ್ಪು. ಕೊನೇಲಿ ಚುಕ್ಕಿ ಇಡ್ಬೇಕು. ಬಾಲ ಇಟ್ರೆ ಇನ್ನೂ ಇದೆ ಅಂತ ಅರ್ಥ."

"ಹೂಂ," ಎಂದಳು ಅಂಗಲ್ಗಾಕ್. "ನನಗೂ ಹಾಗೇ ಹೇಳ್ಕೊಟ್ಟಿದ್ರು." ಮಗುವಿನ ತಲೆಯ ಮೇಲೆ ಕೈಯಿಟ್ಟು ಎದ್ದಳು. "ನಡಿ, ಹಸಿವು. ಪಿತ್ತಜನಕಾಂಗ ತಂದಿದ್ದಾನಂತೆ ನನ್ನ ಮಗ."